ಫೈಲ್ ಇಲ್ಲದೆ ವೆಲ್ಲೂರಿಗೆ



ಚೆನ್ನೈನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ "ಮೊನ್ನೆ ವೆಲ್ಲೂರಿಗೆ ಹೋಗಿದ್ದೆವು" ಅಂದು ನೋಡಿ. ಕೇಳಿದವರ ಮುಖ ಸಪ್ಪಗಾಗುತ್ತದೆ. ದನಿ ತಗ್ಗಿಸಿ ಕೇಳುತ್ತಾರೆ, "ಯಾರಿಗೆ? ಏನಾಗಿತ್ತು?" ಎಂದು. ಊಟಿಗೆ ಹೋದವರನ್ನು, ಮಹಾಬಲಿಪುರಕ್ಕೆ ಹೋದವರನ್ನು ಯಾರೂ ಹೀಗೆ ಕೇಳುವುದಿಲ್ಲ. ವೆಲ್ಲೂರಿಗೆ ಮಾತ್ರ ಈ ಯೋಗ. ಆ ಊರಿಗೆ ಹೋಗುವುದೆಂದರೆ ಆಸ್ಪತ್ರೆಗೆ ಹೋಗುವುದು ಎಂದೇ ಅರ್ಥವಾಗಿಬಿಟ್ಟಿದೆ. ಈಗೀಗ ಶ್ರೀಪುರದ ಚಿನ್ನದ ದೇವಸ್ಥಾನಕ್ಕೆಂದು ಹೋಗುವವರೂ ಇದ್ದಾರೆ. ಆದರೆ ಅವರು ಊರಿನ ಹೊರಗೆ ಇಳಿದು, ದರ್ಶನ ಮಾಡಿ, ಹಾಗೆಯೇ ಹಿಂದಿರುಗುತ್ತಾರೆ. ಊರನ್ನು ಊರೆಂದು ನೋಡಲು ಹೋಗುವವರು ಕಡಿಮೆ.

ನಾನೂ ಹಾಗೆಯೇ ಇದ್ದೆ. 2013ರಲ್ಲಿ ನನ್ನ ಶ್ರೀಮತಿಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಯಿತು. ಒಟ್ಟು ಇಪ್ಪತ್ತಮೂರು ದಿನ ವೆಲ್ಲೂರಿನಲ್ಲಿದ್ದೆವು. ಆಸ್ಪತ್ರೆಯ ಎದುರಿನ ಗಲ್ಲಿಯಲ್ಲಿ ಒಂದು ಲಾಡ್ಜಿನ ಕೋಣೆ, ದಿನಬಾಡಿಗೆಗೆ ಒಂದು ಸ್ಟೌ, ಎರಡು ಪಾತ್ರೆ. ನಾನು ಅಲ್ಲಿ ಕಲಿತ ಅಡುಗೆ ಎಂದರೆ ಗಂಜಿ ಮತ್ತು ಬೇಳೆಕಟ್ಟು. ಕೋಣೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಔಷಧದಂಗಡಿಗೆ, ಅಲ್ಲಿಂದ ಮತ್ತೆ ಕೋಣೆಗೆ. ಇದಿಷ್ಟೇ ನನಗೆ ಗೊತ್ತಿದ್ದ ವೆಲ್ಲೂರು. ಬಿಡುಗಡೆಯಾದ ದಿನ ಆಟೋದಲ್ಲಿ ಕಾಟ್ಪಾಡಿ ಸ್ಟೇಷನ್ನಿಗೆ ಹೊರಟೆವು. ದಾರಿಯಲ್ಲಿ ತುಂಬಿದ ನೀರು ಕಂಡು ಅವಳು, "ಇದು ಯಾವ ಕೆರೆ ರೀ?" ಎಂದು ಕೇಳಿದಳು. "ಯಾವುದೋ ಕೆರೆ, ನೀನು ಮಾತಾಡಿ ಆಯಾಸ ಮಾಡಿಕೊಳ್ಳಬೇಡ" ಎಂದೆ. ಅದು ಕೆರೆಯಲ್ಲ, ಕೋಟೆಯ ಕಂದಕ. ಇಪ್ಪತ್ತಮೂರು ದಿನ ನಾನು ದಕ್ಷಿಣ ಭಾರತದ ಅತ್ಯಂತ ಸುಂದರವಾದ ಕೋಟೆಗಳಲ್ಲೊಂದರ ಪಕ್ಕದಲ್ಲೇ, ನಡೆದು ಹೋಗುವಷ್ಟು ದೂರದಲ್ಲಿ ಇದ್ದೆ. ಅದರ ಕಡೆ ಒಮ್ಮೆಯೂ ತಲೆ ತಿರುಗಿಸಿ ನೋಡಿರಲಿಲ್ಲ.

ಆಮೇಲೆ ಪ್ರತಿ ವರ್ಷ ತಪಾಸಣೆಗೆ ಹೋಗಿ ಬರುತ್ತಿದ್ದೆವು. ಕೈಯಲ್ಲಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದ ಒಂದು ಫೈಲ್. ಬೆಳಗಿನ ಗಾಡಿ, ಸಂಜೆಯ ಗಾಡಿ. ಕೊನೆಗೊಮ್ಮೆ ಡಾಕ್ಟರು, "ಇನ್ನು ನೀವು ಇಷ್ಟು ದೂರ ಬರಬೇಕಾಗಿಲ್ಲಮ್ಮ, ಚೆನ್ನೈನಲ್ಲೇ ತೋರಿಸಿಕೊಂಡರೆ ಸಾಕು" ಎಂದರು. ನನಗೆ ಹಬ್ಬವಾದಷ್ಟು ಸಂತೋಷ. ಅವಳು ಮಾತ್ರ ದಾರಿಯುದ್ದಕ್ಕೂ ಸುಮ್ಮನಿದ್ದಳು. ಮನೆಗೆ ಬಂದ ಮೇಲೆ ಹೇಳಿದಳು, "ರೀ, ನನಗೆ ಎರಡನೇ ಸಲ ಜೀವ ಕೊಟ್ಟ ಊರು ಅದು. ಒಂದು ಸಲ ಫೈಲ್ ಇಲ್ಲದೆ ಹೋಗಿ ಬರೋಣವೇ?" ಹಾಗೆ ಕಳೆದ ಡಿಸೆಂಬರಿನಲ್ಲಿ ಒಂದು ದಿನ ಹೊರಟ ಪ್ರವಾಸದ ಕಥೆ ಇದು.

ವೆಲ್ಲೂರು ಚೆನ್ನೈಗೆ ಸುಮಾರು 140 ಕಿಲೋಮೀಟರು. ರಸ್ತೆಯಲ್ಲಿ ಹೋದರೆ ಶ್ರೀಪೆರಂಬುದೂರು, ಕಾಂಚೀಪುರದ ಪಕ್ಕ, ರಾಣಿಪೇಟೆ ದಾಟಿ ಹೋಗಬೇಕು. ನಾವು ರೈಲಿನಲ್ಲೇ ಹೋದೆವು. ಬೆಂಗಳೂರಿನ ಕಡೆಗೆ ಹೋಗುವ ಬಹುತೇಕ ಗಾಡಿಗಳು ಕಾಟ್ಪಾಡಿಯಲ್ಲಿ ನಿಲ್ಲುತ್ತವೆ. 1964ರಿಂದ ಓಡುತ್ತಿರುವ ಬೃಂದಾವನ್ ಎಕ್ಸ್‌ಪ್ರೆಸ್ ಇದೆ, 2022ರಲ್ಲಿ ಶುರುವಾದ ಮೈಸೂರಿನ ವಂದೇ ಭಾರತ್ ಇದೆ. ನಾವು ಕನ್ನಡಿಗರು ಊರಿಗೆ ಹೋಗುವಾಗ ಎಷ್ಟು ಸಲ ಕಾಟ್ಪಾಡಿಯಲ್ಲಿ ಕಾಫಿ ಕುಡಿದು ಮುಂದೆ ಹೋಗಿಲ್ಲ! ಇಳಿದವರು ಎಷ್ಟು ಜನ? ಕಾಟ್ಪಾಡಿಯಿಂದ ಪಾಲಾರ್ ಸೇತುವೆ ದಾಟಿದರೆ ಆರೇಳು ಕಿಲೋಮೀಟರಿಗೆ ಊರು.

ವೆಲ್ಲೂರಿನ ಬಗ್ಗೆ ತಮಿಳರಲ್ಲಿ ಒಂದು ಹಳೆಯ ಗೇಲಿಮಾತಿದೆ. ರಾಜನಿಲ್ಲದ ಕೋಟೆ, ದೇವರಿಲ್ಲದ ಗುಡಿ, ನೀರಿಲ್ಲದ ನದಿ, ಮರವಿಲ್ಲದ ಬೆಟ್ಟ, ಇದೇ ವೆಲ್ಲೂರು ಎಂದು. ಆವತ್ತು ನಾವು ಈ ನಾಲ್ಕು 'ಇಲ್ಲ'ಗಳನ್ನೂ ಒಂದೊಂದಾಗಿ ನೋಡುತ್ತ ಹೋದೆವು.

ಮೊದಲಿಗೆ ರಾಜನಿಲ್ಲದ ಕೋಟೆ. ಹದಿನಾರನೇ ಶತಮಾನದಲ್ಲಿ ವಿಜಯನಗರದ ಅರಸರ ಅಧೀನದಲ್ಲಿದ್ದ ಚಿನ್ನ ಬೊಮ್ಮಿ ನಾಯಕನೆಂಬುವನ ಕಾಲದ್ದು ಇದು. ದಪ್ಪ ದಪ್ಪ ಕಣಶಿಲೆಯ ಗೋಡೆಗಳು, ಹೊರಗೆ ಅಗಲವಾದ ಕಂದಕ. ಹಿಂದೆ ಅದರಲ್ಲಿ ಮೊಸಳೆಗಳನ್ನು ಬಿಟ್ಟಿದ್ದರೆಂದು ಹೇಳುತ್ತಾರೆ. ನಾವು ಕಂಡದ್ದು ನೀರಿನಲ್ಲಿ ತಲೆಕೆಳಗಾಗಿ ನಿಂತ ಕೋಟೆಯ ಗೋಡೆ ಮತ್ತು ಒಂದಷ್ಟು ಬೆಳ್ಳಕ್ಕಿ. "ನೋಡಿದಿರಾ, ಇದೇ ನೀವು ಹೇಳಿದ ಯಾವುದೋ ಕೆರೆ" ಎಂದು ಶ್ರೀಮತಿ ನಕ್ಕಳು. ಒಳಗೆ ಹೋಗಲು ಟಿಕೆಟ್ಟು ಇಲ್ಲ. ಒಳಗಿನ ವಿಸ್ತಾರ 130 ಎಕರೆಗೂ ಹೆಚ್ಚು. ಹುಲ್ಲುಹಾಸು, ಹಳೆಯ ಮರಗಳು. ಒಂದೇ ಕೋಟೆಯೊಳಗೆ ದೇವಸ್ಥಾನ, ಮಸೀದಿ, 1846ರ ಒಂದು ಚರ್ಚು. ಜೊತೆಗೆ ಒಂದು ಸರ್ಕಾರಿ ಮ್ಯೂಸಿಯಂ.

ರಾಜನಿಲ್ಲ ಎಂದರಲ್ಲ, ನಿಜವಾಗಿ ನೋಡಿದರೆ ಈ ಕೋಟೆ ಕಂಡಷ್ಟು ದುರದೃಷ್ಟದ ರಾಜರನ್ನು ಬೇರೆ ಕೋಟೆ ಕಂಡಿದೆಯೋ ಇಲ್ಲವೋ. ಅವರಲ್ಲಿ ಹೆಚ್ಚಿನವರು ನಮಗೆ ಸಂಬಂಧಪಟ್ಟವರೇ. 1565ರ ತಾಳಿಕೋಟೆಯ ಯುದ್ಧದ ನಂತರ ಹಂಪಿ ಹಾಳಾಯಿತು ಎಂಬಲ್ಲಿಗೆ ನಮ್ಮ ಶಾಲೆಯ ಪಾಠ ಮುಗಿಯುತ್ತಿತ್ತು. ಆದರೆ ವಿಜಯನಗರದ ಅರಸೊತ್ತಿಗೆ ಅಲ್ಲಿಗೆ ಮುಗಿಯಲಿಲ್ಲ. ಪೆನುಕೊಂಡೆಗೆ ಹೋಯಿತು, ಚಂದ್ರಗಿರಿಗೆ ಹೋಯಿತು, ಹದಿನೇಳನೇ ಶತಮಾನದ ಆರಂಭದಲ್ಲಿ ವೆಲ್ಲೂರಿಗೂ ಬಂತು. 1614ರಲ್ಲಿ ವೆಂಕಟಪತಿ ರಾಯ ತೀರಿಕೊಂಡಾಗ ಪಟ್ಟಕ್ಕೆ ಬಂದವನು ಅವನ ಅಣ್ಣನ ಮಗ ಶ್ರೀರಂಗ. ಜಗ್ಗರಾಯನೆಂಬ ಸರದಾರ ಅವನನ್ನು ಸಂಸಾರ ಸಮೇತ ಸೆರೆಯಲ್ಲಿಟ್ಟು ಕೊನೆಗೆ ಕೊಲ್ಲಿಸಿಬಿಟ್ಟ. ಉಳಿದವನು ಒಬ್ಬ ಹುಡುಗ ಮಾತ್ರ, ರಾಮದೇವ. ಅವನನ್ನು ಒಬ್ಬ ಅಗಸ ಬಟ್ಟೆಯ ಗಂಟಿನಲ್ಲಿ ಬಚ್ಚಿಟ್ಟು ಕೋಟೆಯಿಂದ ಹೊರಗೆ ಸಾಗಿಸಿದ ಎನ್ನುತ್ತಾರೆ. ಯಾಚಮ ನಾಯಕ ಆ ಹುಡುಗನ ಪರವಾಗಿ ನಿಂತು ಹೋರಾಡಿದ. ಮುಂದೆ ರಾಮದೇವನೇ ರಾಯನಾದ. ಇಷ್ಟು ದೊಡ್ಡ ಸಾಮ್ರಾಜ್ಯದ ಉಳಿವು ಒಂದು ದಿನ ಮೈಲಿಗೆ ಬಟ್ಟೆಯ ಗಂಟಿನೊಳಗಿತ್ತು ಎಂದರೆ ನಂಬಲು ಕಷ್ಟ.

ಎರಡನೆಯ ಕಥೆ ನಮಗೆ ಇನ್ನೂ ಹತ್ತಿರದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನು, ಹೆಂಡಿರನ್ನು, ಪರಿವಾರವನ್ನು ಇಂಗ್ಲಿಷರು ತಂದಿಟ್ಟದ್ದು ಈ ಕೋಟೆಯಲ್ಲಿ. ಕೋಟೆಯೊಳಗೆ ಟಿಪ್ಪು ಮಹಲ್, ಹೈದರ್ ಮಹಲ್ ಎಂದು ಈಗಲೂ ಕರೆಯುವ ಕಟ್ಟಡಗಳಿವೆ. ಕಾವೇರಿಯ ನಡುವೆ ಬೆಳೆದವರು ಈ ಬಿಸಿಲೂರಿನಲ್ಲಿ ಏಳು ವರ್ಷ ಕಳೆದರು. 1806ರ ಜುಲೈ 9ರಂದು ಕೋಟೆಯಲ್ಲಿ ಟಿಪ್ಪುವಿನ ಮಗಳೊಬ್ಬಳ ಮದುವೆ. ಮರುದಿನ ಬೆಳಕು ಹರಿಯುವ ಮೊದಲೇ ಕಂಪನಿ ಸೈನ್ಯದ ದೇಶೀ ಸಿಪಾಯಿಗಳು ದಂಗೆ ಎದ್ದರು.

ಕಾರಣ ಕೇಳಿದರೆ ಸಣ್ಣದೆನಿಸಬಹುದು. ಸಿಪಾಯಿಗಳು ಹಣೆಗೆ ನಾಮ, ವಿಭೂತಿ ಹಚ್ಚಬಾರದು, ಕಿವಿಗೆ ಒಂಟಿ ಹಾಕಬಾರದು, ಗಡ್ಡ ಬೋಳಿಸಬೇಕು, ಮೀಸೆ ಒಂದೇ ಅಳತೆಯಲ್ಲಿರಬೇಕು, ಹಳೆಯ ಪೇಟ ಬಿಟ್ಟು ಚರ್ಮದ ತುರಾಯಿ ಇರುವ ಹೊಸ ಪೇಟ ತೊಡಬೇಕು ಎಂದು ಮದ್ರಾಸ್ ಸೇನೆಯ ಮುಖ್ಯಸ್ಥ ಸರ್ ಜಾನ್ ಕ್ರಾಡಕ್ ಹುಕುಂ ಮಾಡಿದ್ದ. ವಿರೋಧಿಸಿದವರಿಗೆ ಛಡಿಯೇಟು ಬಿದ್ದಿತ್ತು. ಅವರ ದೃಷ್ಟಿಯಲ್ಲಿ ಅದು ಮಾನದ ಪ್ರಶ್ನೆ, ಧರ್ಮದ ಪ್ರಶ್ನೆ. ಆ ಬೆಳಿಗ್ಗೆ ಕೋಟೆಯ ಮೇಲೆ ಮೈಸೂರಿನ ಹುಲಿಯ ಬಾವುಟ ಹಾರಿತು. ಟಿಪ್ಪುವಿನ ಮಗ ಫತೇ ಹೈದರನನ್ನು ರಾಜನೆಂದು ಸಾರಿದರು. ಆದರೆ ಸುದ್ದಿ ಸುಮಾರು 25 ಕಿಲೋಮೀಟರು ದೂರದ ಆರ್ಕಾಟಿಗೆ ಮುಟ್ಟಿ, ಅಲ್ಲಿಂದ ಗಿಲೆಸ್ಪಿ ಎಂಬ ಅಧಿಕಾರಿ ಕುದುರೆ ಸೈನ್ಯದೊಂದಿಗೆ ಧಾವಿಸಿ ಬಂದ. ಅವನನ್ನು ಹಗ್ಗದ ಸಹಾಯದಿಂದ ಗೋಡೆಯ ಮೇಲಕ್ಕೆ ಎಳೆದುಕೊಂಡರಂತೆ. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಬ್ರಿಟಿಷರ ಕಡೆ ನೂರಕ್ಕೂ ಹೆಚ್ಚು ಜನ, ಸಿಪಾಯಿಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಸಿಪಾಯಿಗಳನ್ನು ಗೋಡೆಗೆ ನಿಲ್ಲಿಸಿ ಸುಟ್ಟರು. ಮೀರತ್ತಿನಲ್ಲಿ ದಂಗೆ ಏಳುವುದಕ್ಕೆ ಐವತ್ತು ವರ್ಷ ಮೊದಲು ನಡೆದ ಮಾತು ಇದು. ಇನ್ನೂರು ವರ್ಷ ತುಂಬಿದಾಗ, 2006ರಲ್ಲಿ, ಅಂಚೆ ಇಲಾಖೆ ಒಂದು ಅಂಚೆಚೀಟಿ ಹೊರಡಿಸಿತು.

ಮುಂದೇನಾಯಿತು? ಕ್ರಾಡಕ್ಕನನ್ನೂ ಗವರ್ನರ್ ಬೆಂಟಿಂಕನನ್ನೂ ವಾಪಸು ಕರೆಸಿಕೊಂಡರು. ಹೊಸ ಪೇಟದ ಹುಕುಂ ರದ್ದಾಯಿತು. ಟಿಪ್ಪುವಿನ ಗಂಡುಮಕ್ಕಳನ್ನು ಮೈಸೂರಿನಿಂದ ಇನ್ನೂ ದೂರ, ಕಲ್ಕತ್ತೆಗೆ ಸಾಗಿಸಿದರು. ಆದರೆ ಎಲ್ಲರೂ ಹೋಗಲಿಲ್ಲ. ಹೈದರ್ ಅಲಿಯ ಪತ್ನಿ ಬಕ್ಷಿ ಬೇಗಂ, ಟಿಪ್ಪುವಿನ ಪತ್ನಿ ಪಾದಶಾ ಬೇಗಂ ಇವರ ಗೋರಿಗಳು ವೆಲ್ಲೂರಿನಲ್ಲೇ, ಕೋಟೆಯಿಂದ ಸ್ವಲ್ಪ ದೂರದಲ್ಲಿವೆ. ನಾವು ಹೋದಾಗ ಅಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಅಲ್ಲಿ ನಿಂತಾಗ ಏನೋ ಒಂದು ತರಹ ಆಗುತ್ತದೆ. ನಾವಾದರೂ ನೌಕರಿಗೆಂದು ಇಷ್ಟಪಟ್ಟು ಬಂದವರು, ಬೇಕೆಂದಾಗ ರೈಲು ಹತ್ತುವವರು.

ಅವರಂತೆಯೇ ಇನ್ನೊಬ್ಬರು ಲಂಕೆಯ ಕೊನೆಯ ರಾಜ, ಕ್ಯಾಂಡಿಯ ಶ್ರೀ ವಿಕ್ರಮ ರಾಜಸಿಂಹ. 1815ರಲ್ಲಿ ಇಂಗ್ಲಿಷರ ಕೈಗೆ ಸಿಕ್ಕು, ವೆಲ್ಲೂರಿಗೆ ಬಂದು, 1832ರಲ್ಲಿ ಇಲ್ಲೇ ಕಣ್ಮುಚ್ಚಿದರು. ಪಾಲಾರ್ ದಂಡೆಯಲ್ಲಿರುವ ಮುತ್ತುಮಂಟಪ ಅವರ ಸಮಾಧಿ. ರಾಜನಿಲ್ಲದ ಕೋಟೆ ಎನ್ನುವುದಕ್ಕಿಂತ ರಾಜ್ಯವಿಲ್ಲದ ರಾಜರ ಕೋಟೆ ಎನ್ನುವುದು ಸರಿಯೇನೋ.

ಎರಡನೆಯದು ದೇವರಿಲ್ಲದ ಗುಡಿ. ಕೋಟೆಯೊಳಗಿನ ಜಲಕಂಠೇಶ್ವರ ದೇವಸ್ಥಾನ ವಿಜಯನಗರ ಶೈಲಿಯದು. ಹಂಪಿ ನೋಡಿದವರಿಗೆ ಕಂಬಗಳ ಗುರುತು ಕೂಡಲೇ ಹತ್ತುತ್ತದೆ. ಕಲ್ಯಾಣಮಂಟಪದಲ್ಲಿ ಮುಂಗಾಲೆತ್ತಿ ನಿಂತ ಕುದುರೆಗಳು, ಯಾಳಿಗಳು, ಸವಾರರು, ಒಂದೊಂದೂ ಈಗ ನೆಗೆಯುತ್ತದೆಯೋ ಎಂಬಂತಿವೆ. ಈ ಮಂಟಪವನ್ನು ಬಿಚ್ಚಿ ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಬೇಕೆಂದು ಕಂಪನಿಯವರು ಯೋಚಿಸಿದ್ದರೆಂದೂ, ಬರಬೇಕಾಗಿದ್ದ ಹಡಗು ಮುಳುಗಿ ಮಂಟಪ ಉಳಿಯಿತೆಂದೂ ಒಂದು ಕತೆ ಹೇಳುತ್ತಾರೆ. ಮಂಟಪವೇನೋ ಉಳಿಯಿತು, ಆದರೆ ಪೂಜೆ ನಿಂತುಹೋಗಿತ್ತು. ಯುದ್ಧದ ಕಾಲದಲ್ಲಿ ಲಿಂಗವನ್ನು ಹೊರಗೆ ಸಾಗಿಸಿದ್ದರು. ಇಂಗ್ಲಿಷರು ಗುಡಿಯನ್ನು ಮದ್ದುಗುಂಡಿನ ಉಗ್ರಾಣ ಮಾಡಿಕೊಂಡಿದ್ದರು. ಹೀಗೆ ಶತಮಾನಗಳ ಕಾಲ ಗರ್ಭಗುಡಿ ಖಾಲಿಯಿತ್ತು. ಊರಿನ ಜನರ ಪ್ರಯತ್ನದಿಂದ 1981ರ ಮಾರ್ಚಿನಲ್ಲಿ, ಪಕ್ಕದ ಸತ್ತುವಾಚೇರಿಯಲ್ಲಿದ್ದ ಲಿಂಗವನ್ನು ತಂದು ಇಲ್ಲಿ ಪ್ರತಿಷ್ಠಾಪನೆ ಮಾಡಿದರು. ಆವತ್ತಿಗೆ ಆ ಗಾದೆಯ ಎರಡನೇ ಮಾತು ಸುಳ್ಳಾಯಿತು. ಈಗ ಎರಡು ಹೊತ್ತೂ ಪೂಜೆ, ಗಂಟೆಯ ಸದ್ದು.

ಆ ಗುಡಿಯ ಪ್ರಾಕಾರದಲ್ಲಿ ನಡೆದದ್ದನ್ನು ಹೇಳಬೇಕು. ಜಗಲಿಯ ಮೇಲೆ ಒಬ್ಬ ಹೆಂಗಸು, ಮೂವತ್ತೈದು ವರ್ಷವಿರಬಹುದು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದರು. ಚೀಲದ ಬಾಯಿಂದ ಫೈಲೊಂದು ಇಣುಕುತ್ತಿತ್ತು. ಆ ಫೈಲು ನಮಗೆ ಗೊತ್ತಿಲ್ಲವೇ? ಶ್ರೀಮತಿ ತಾನಾಗಿಯೇ ಹೋಗಿ ಪಕ್ಕದಲ್ಲಿ ಕೂತು, "ಯಾವೂರಮ್ಮ?" ಎಂದಳು, ಕನ್ನಡದಲ್ಲೇ. ಹೇಗೆ ಗೊತ್ತಾಯಿತೋ ಕಾಣೆ. ಆಕೆಯ ಕಣ್ಣು ತುಂಬಿತು. "ಮುಳಬಾಗ್ಲು ಕಡೇರು ಕಣಮ್ಮ. ನಮ್ಮ ಯಜಮಾನ್ರಿಗೆ ನಾಳೆ ಆಪರೇಸನ್ನು ಅಂದವ್ರೆ. ಎದೇದು. ಒಳಗೆ ಕೂತ್ಕೊಳಕ್ಕೆ ಆಗ್ದೆ ಈ ಕಡೆ ಬಂದೆ" ಎಂದರು.

ನಾನು ಏನು ಹೇಳಬೇಕೆಂದು ತೋಚದೆ ನಿಂತಿದ್ದೆ. ಶ್ರೀಮತಿ ಆಕೆಯ ಕೈ ಹಿಡಿದು, "ನೋಡಮ್ಮ, ನನಗೂ ಇಲ್ಲೇ ಆಗಿದ್ದು, 2013ರಲ್ಲಿ. ಆಗ ಮಂಚದಿಂದ ಬಚ್ಚಲಿಗೆ ನಡೆಯಲು ಎರಡು ಸಲ ನಿಲ್ಲುತ್ತಿದ್ದೆ. ಈಗ ತಾನೆ ಕೋಟೆಗೋಡೆ ಹತ್ತಿ ಇಳಿದು ಬಂದಿದ್ದೀನಿ. ಬೇಕಾದರೆ ಇವರನ್ನ ಕೇಳು" ಎಂದಳು. ಅದು ನಿಜ. ಗುಡಿಗೆ ಬರುವ ಮೊದಲು ಅವಳು ಗೋಡೆಯ ಮೇಲೆ ಹೋಗಬೇಕೆಂದು ಹಟ ಹಿಡಿದಿದ್ದಳು. ನಾನು ಬೇಡವೆಂದೆ. ಒಂದೊಂದೇ ಮೆಟ್ಟಿಲು ಎಣಿಸುತ್ತ ಹತ್ತಿದಳು. ಒಂದೇ ಸಲ ನಿಂತಳು, ಅದೂ ಕಂದಕ ನೋಡಲು ಎಂದಳು. ನಾನು ವಾದ ಮಾಡಲಿಲ್ಲ.

ಆಕೆ ಶ್ರೀಮತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಯಾವ ಅಂಗಡಿಯಲ್ಲಿ ಪಾತ್ರೆ ಬಾಡಿಗೆಗೆ ಸಿಗುತ್ತದೆ, ಗಂಜಿಗೆ ಉಪ್ಪು ಎಷ್ಟು ಹಾಕಬೇಕು, ರಾತ್ರಿ ನಿದ್ದೆ ಬಾರದಿದ್ದರೆ ಏನು ಮಾಡಬೇಕು, ಇಂಥವೇ. ಏಳುವಾಗ ಆಕೆ, "ಬೆಳಿಗ್ಗಿಂದ ಕನ್ನಡ ಮಾತೇ ಆಡಿರಲಿಲ್ಲ ಅಮ್ಮ" ಎಂದರು. ವಾರದ ಮೇಲೆ ಫೋನು ಬಂತು. ಯಜಮಾನರು ವಾರ್ಡಿಗೆ ಬಂದಿದ್ದಾರೆ, ನಿನ್ನೆ ನಾಲ್ಕು ಹೆಜ್ಜೆ ನಡೆದರು ಎಂದು.

ಆಸ್ಪತ್ರೆಯ ಮಾತು ಬಂದಿದ್ದರಿಂದ ಎರಡು ಮಾತು. ಅಮೆರಿಕದ ಮಿಷನರಿ ವೈದ್ಯರ ಮಗಳು ಐಡಾ ಸ್ಕಡರ್. ಅವರು ಹುಡುಗಿಯಾಗಿದ್ದಾಗ ಒಂದು ರಾತ್ರಿ ಮೂವರು ಗಂಡಸರು, ಒಬ್ಬರ ಹಿಂದೆ ಒಬ್ಬರು, ತಮ್ಮ ಹೆಂಡತಿಯ ಹೆರಿಗೆಗೆ ಸಹಾಯ ಕೇಳಿಕೊಂಡು ಬಂದರು. ಗಂಡು ಡಾಕ್ಟರು ಬೇಡ, ಹೆಂಗಸೇ ಬೇಕು. ಐಡಾಗೆ ವೈದ್ಯ ಬಾರದು. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ತೀರಿಕೊಂಡರು. ಆ ರಾತ್ರಿಯ ನಂತರ ಆಕೆ ವೈದ್ಯ ಓದಿ ಬಂದು 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಮಂಚದ ದವಾಖಾನೆ ತೆರೆದರು. 1918ರಲ್ಲಿ ಹೆಂಗಸರಿಗಾಗಿ ವೈದ್ಯಕೀಯ ಶಾಲೆ ಆರಂಭಿಸಿದರು. ಅದೇ ಇಂದಿನ ಸಿ.ಎಂ.ಸಿ. ಇಂದು ಆ ಬೀದಿಗಳಲ್ಲಿ ಬಂಗಾಳಿ ಬೋರ್ಡುಗಳು, ಮೀನು-ಅನ್ನದ ಬಂಗಾಳಿ ಹೋಟೆಲುಗಳು, ಹಿಂದಿ ಮಾತಾಡುವ ತಮಿಳು ಆಟೋದವರು. ದೇಶದ ಮೂಲೆ ಮೂಲೆಯ ಚಿಂತೆಗಳೆಲ್ಲ ಅಲ್ಲಿ ಒಟ್ಟಿಗೆ ಕೂತು ಊಟ ಮಾಡುತ್ತವೆ.

ಉಳಿದದ್ದು ನದಿ ಮತ್ತು ಬೆಟ್ಟ. ಪಾಲಾರ್ ನಮ್ಮ ನಂದಿಬೆಟ್ಟದ ಕಡೆ ಹುಟ್ಟಿ, ಕೋಲಾರ ಜಿಲ್ಲೆ ಹಾದು ಇಲ್ಲಿಗೆ ಬರುವ ನದಿ. ನಮ್ಮಂತೆಯೇ ಕನ್ನಡನಾಡು ಬಿಟ್ಟು ಬಂದದ್ದು. ಹೆಚ್ಚು ಕಾಲ ಬರೀ ಮರಳು. ಆದರೆ 2021ರ ನವೆಂಬರಿನಲ್ಲಿ ಈ ನೀರಿಲ್ಲದ ನದಿಯೇ ದಡ ಮೀರಿ ಹರಿದು ಜನರನ್ನು ಬೆದರಿಸಿತು. ಬೆಟ್ಟಗಳು ಮಾತ್ರ ಗಾದೆಯಲ್ಲಿ ಹೇಳಿದಂತೆಯೇ ಇವೆ, ಬಂಡೆಯೇ ಹೆಚ್ಚು, ಮರ ಕಡಿಮೆ. ಅವುಗಳ ಮೇಲೂ ಮರಾಠರ ಕಾಲದ ಕೋಟೆಗಳಿವೆ. ಅಲ್ಲಿಗೆ ಹತ್ತುವುದಕ್ಕೆ ನಮ್ಮಿಂದಾಗದು, ಕಾಲಿನಲ್ಲಿ ಶಕ್ತಿಯಿರುವ ಕೇಳುಗರು ಹತ್ತಿ ನೋಡಿ ಬಂದು ಹೇಳಬೇಕು.

ಹೋಗುವವರಿಗೆ ಒಂದೆರಡು ಸೂಚನೆ. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಬೇಸಿಗೆಯ ವೆಲ್ಲೂರು ಬಾಣಲೆಯಿದ್ದಂತೆ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುವುದರಿಂದ ಬೆಳಿಗ್ಗೆಯೇ ಕೋಟೆ ಸೇರಿ. ಶುಕ್ರವಾರ ಮ್ಯೂಸಿಯಂಗೆ ರಜೆ. ತಿನ್ನುವುದಕ್ಕೆ ಆರ್ಕಾಟಿನ ಮಕ್ಕನ್ ಪೇಡ ಕೇಳಿ. ನೋಡಲು ಜಾಮೂನಿನಂತೆ, ಒಳಗೆ ಗೋಡಂಬಿ, ದ್ರಾಕ್ಷಿಯ ಹೂರಣ. ಮಾರುಕಟ್ಟೆಯಲ್ಲಿ ವೆಲ್ಲೂರಿನ ಮುಳ್ಳುಬದನೆ ಸಿಗುತ್ತದೆ, ಈಗ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಸಂಜೆ ಬೆಂಗಳೂರಿನಿಂದ ಬರುವ ಗಾಡಿಗೆ ಕಾಟ್ಪಾಡಿಯಲ್ಲಿ ಕಾಯುತ್ತ ಕೂತೆವು. ಅದೇ ಪ್ಲಾಟ್‌ಫಾರಂ, ಅದೇ ಕಲ್ಲುಬೆಂಚು. ಪ್ರತಿ ಸಲ ಅವಳ ತೊಡೆಯ ಮೇಲೆ ಫೈಲ್ ಇರುತ್ತಿದ್ದ ಜಾಗದಲ್ಲಿ ಈ ಸಲ ಒಂದು ಕಿಲೋ ಮುಳ್ಳುಬದನೆ ಇತ್ತು. "ನಾಳೆ ಎಣ್ಣೆಗಾಯಿ ಮಾಡ್ತೀನಿ ರೀ" ಎಂದಳು. ಮಾಡಿದಳು, ಚೆನ್ನಾಗಿತ್ತು.

ನೀವೂ ಒಂದು ದಿನ ಆ ಊರಿನಲ್ಲಿ ಇಳಿದು ನೋಡಿ. ಯಾರಾದರೂ "ಏನಾಗಿತ್ತು?" ಎಂದು ಕೇಳಿದರೆ, ಏನೂ ಆಗಿರಲಿಲ್ಲ, ಸುಮ್ಮನೆ ಹೋಗಿದ್ದೆವು ಎಂದು ಹೇಳಿ. ಹಾಗೆ ಹೇಳುವುದರಲ್ಲಿ ಎಷ್ಟು ಸುಖವಿದೆ ಎಂಬುದು ಆಗ ತಿಳಿಯುತ್ತದೆ. ಮತ್ತೆ ಗುಡಿಯ ಜಗಲಿಯ ಮೇಲೆ ಯಾರಾದರೂ ಚೀಲ ಹಿಡಿದು ಒಬ್ಬರೇ ಕೂತಿದ್ದರೆ, ದಯವಿಟ್ಟು ಕನ್ನಡದಲ್ಲಿ ಒಂದು ಮಾತು ಕೇಳಿ ನೋಡಿ.